ಸ್ಟೆಲ್ಲಾ ಗೋರಿಯೊಳಗೆ ಇಣುಕಿದಾಗ

ಸುಗಂಧದ ಎಣ್ಣೆಯ ಕುಡಿಕೆ ಹಿಡಿದು ಸ್ಟೆಲ್ಲಾ ಸ್ಟೇಜಿನ ಮೇಲಿದ್ದ ಗೋರಿಯೊಳಗೆ ಇಣುಕಿದಳು. ಹೆಬ್ಬಾಳದಲ್ಲಿ ನಮ್ಮ ಪಕ್ಕದ ಮನೆಯವಳು. ಕಳೆದ ಮಳೆಗಾಲದಲ್ಲಿ ಗಂಡನನ್ನು ಮಣ್ಣು ಮಾಡಿದ್ದಳು. ಕರೆದಳೆಂದು ಈಸ್ಟರ್ ನಾಟಕಕ್ಕೆ ಚರ್ಚಿಗೆ ಹೋಗಿದ್ದೆ.

ಯೇಸು ಸತ್ತ ಮೂರನೆಯ ದಿನ ಹೆಂಗಸರು ಹೆಣಕ್ಕೆ ಸುಗಂಧ ಹಚ್ಚಲು ಗೋರಿಗೆ ಹೋಗುವ ಭಾಗ ಅದು. ನಮ್ಮವರೂ ಮೂರನೆಯ ದಿನವೇ ಸಮಾಧಿಗೆ ಹಾಲುತುಪ್ಪ ಬಿಡುತ್ತಾರೆ. ನನ್ನ ಗಂಡನಿಗೆ ನಾನೂ ಬಿಟ್ಟಿದ್ದೇನೆ. ಮಣ್ಣು ಹೀರಿಕೊಂಡಿತು, ಮನೆಗೆ ಬಂದೆ, ಅಷ್ಟೇ.

ಇಲ್ಲಿ ಗೋರಿಯ ಬಾಯಿಗೆ ಮುಚ್ಚಿದ್ದ ಕಲ್ಲು ಉರುಳಿತ್ತು. ಒಳಗೆ ಬರೀ ಬಿಳಿ ಬಟ್ಟೆ. ಸ್ಟೆಲ್ಲಾ ಜನರ ಕಡೆ ತಿರುಗಿ 'ಆತನು ಎದ್ದಿದ್ದಾನೆ' ಅನ್ನಬೇಕಿತ್ತು. ವಾರವೆಲ್ಲ ಪಾತ್ರೆ ತೊಳೆಯುತ್ತಾ ಅದನ್ನೇ ಕೂಗಿ ಕಲಿತಿದ್ದಳು. ಈಗ ಬಾಯಿ ತೆರೆದರೆ ಸ್ವರವೇ ಇಲ್ಲ. ಪರದೆಯ ಹಿಂದಿನಿಂದ ಯಾರೋ ಮಾತು ಎತ್ತಿಕೊಟ್ಟರು. ಆಗಲೂ ಇಲ್ಲ. ಕುಡಿಕೆಯನ್ನು ಕೆಳಗಿಟ್ಟಳು. ಇನ್ನು ಇಳಿದು ಹೋಗಿಬಿಡುತ್ತಾಳೆ ಅಂದುಕೊಂಡೆ.

ನನಗೆ ತಡೆಯಲಾಗಲಿಲ್ಲ. ಮುಂದಿನ ಸಾಲಿನಿಂದಲೇ, "ಏಯ್ ಸ್ಟೆಲ್ಲಾ, ಬಾಯ್ಬಿಟ್ಟು ಹೇಳೇ! ಇಷ್ಟ್ ಜನ ಕಾಯ್ತಾವ್ರೆ" ಅಂದೆ.

"ಹೇಳ್ತೀನಿ, ಇರಿ ಅಜ್ಜಿ!" ಅಂದಳು, ಅಳುತ್ತಲೇ. ಯಾರೂ ನಗಲಿಲ್ಲ. ಆಮೇಲೆ ಗೋರಿಗೆ ಬೆನ್ನು ಕೊಟ್ಟು ನಿಂತು ಕೂಗಿದಳು: "ಇಲ್ಲಿಲ್ಲ! ಎದ್ದವ್ನೆ! ಕೇಳ್ತಾ ಇದೀರಾ? ಎದ್ದವ್ನೆ!" ಇಡೀ ಚರ್ಚು ಎದ್ದು ನಿಂತಿತು. ನನ್ನ ಮೈಯೆಲ್ಲ ಜುಮ್ಮೆಂದಿತು.

ಸತ್ತವರು ಎದ್ದು ಬರುತ್ತಾರೆಂದು ನಾನು ನಂಬುವವಳಲ್ಲ, ಈಗಲೂ ನಂಬಿಲ್ಲ. ಈ ವಯಸ್ಸಿಗೆ ಬಹಳ ಸಾವು ಕಂಡಿದ್ದೇನೆ. ಸಾವೇ ಹೆದರಿ ಹಿಂದೆ ಸರಿದಂತೆ ಕಂಡದ್ದು ಮಾತ್ರ ಅದೊಂದೇ ಸಲ.