ರಾಮಿಬಾಯಿ ಮತ್ತು ಹಸಿರು ಹುಡುಗಿ

ಅಕ್ಷರ ಬಾರದವರನ್ನು ಓದುಗರು ಎನ್ನಬಹುದೋ ಇಲ್ಲವೋ, ಪಂಡಿತರು ಕೂತು ತೀರ್ಮಾನಿಸಲಿ. ನನ್ನ ಅಂಗಡಿಯಲ್ಲಿ ರಾಮಿಬಾಯಿಯಷ್ಟು ಮನಸ್ಸಿಟ್ಟು ಪುಸ್ತಕ ಓದಿದವರನ್ನು ನಾನು ಕಂಡಿಲ್ಲ. ಗೋವಾದ ಕಲಂಗುಟ್‌ನಲ್ಲಿ ಬೀಚಿಗೆ ಹೋಗುವ ರಸ್ತೆಯಲ್ಲಿ ನನ್ನದೊಂದು ಹಳೆ ಪುಸ್ತಕದ ಅಂಗಡಿ ಇದೆ. ಪ್ರವಾಸಿಗರು ಓದಿ ಬಿಟ್ಟುಹೋದದ್ದನ್ನು ಹೋಟೆಲಿನವರು ತಂದು ಹಾಕುತ್ತಾರೆ, ನಾನು ಮಾರುತ್ತೇನೆ. ಊರು ವಿಜಯಪುರದ ಕಡೆ, ಹೆಸರು ಶಂಕರಲಿಂಗ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಎಂದು ಹೆಂಡತಿ ಹೇಳುತ್ತಾಳೆ. ಹೇಳಲಿ.

ರಾಮಿಬಾಯಿಯೂ ನಮ್ಮ ಕಡೆಯವಳೇ, ಲಂಬಾಣಿ ತಾಂಡಾದವಳು. ಗಂಡ ತೀರಿಕೊಂಡ ಮೇಲೆ ಬೀಚಿನಲ್ಲಿ ಕನ್ನಡಿ ಹಚ್ಚಿದ ಚೀಲ, ಮಣಿಸರ ಮಾರಿಕೊಂಡು ಬದುಕಿದವಳು. ಮಳೆ ಹಿಡಿಯಿತೆಂದರೆ ಪ್ರವಾಸಿಗರಿರುವುದಿಲ್ಲ. ಆಗ ನನ್ನ ಅಂಗಡಿಯ ಕಟ್ಟೆಯ ಮೇಲೆ ಕೂತು ಮುಂದಿನ ಸೀಸನ್ನಿಗೆ ಚೀಲ ಹೊಲಿಯುತ್ತಾಳೆ. ಒಮ್ಮೆ ಹಾಗೆ ಕೂತವಳು ಬೇಸರಕ್ಕೆ ಮೂಲೆಯಲ್ಲಿದ್ದ ದಪ್ಪ ಚಿತ್ರಪುಸ್ತಕವೊಂದನ್ನು ಎಳೆದುಕೊಂಡಳು. ಗ್ರಾಫಿಕ್ ಕಾದಂಬರಿ ಎನ್ನುತ್ತಾರೆ ಅದಕ್ಕೆ. ಎರಡು ಸೂರ್ಯ, ರೆಕ್ಕೆಯ ಹಾವು, ಕಬ್ಬಿಣದ ಮನುಷ್ಯರು. ನನ್ನ ಲೆಕ್ಕದಲ್ಲಿ ಬರೀ ಮಕ್ಕಳಾಟ. ಅವಳಿಗೆ ಅಂದಿನಿಂದ ಅದರ ಹುಚ್ಚು ಹತ್ತಿತು.

ಮೊದಮೊದಲು ನಾನು ಇಂಗ್ಲಿಷ್ ಮಾತುಗಳನ್ನು ಓದಿ ಹೇಳಲು ಹೋದೆ.

"ನೀ ಓದಬ್ಯಾಡ ಮಾಸ್ತರ," ಎಂದಳು. ಪುಸ್ತಕಗಳ ನಡುವೆ ಕೂರುವವನೆಂದು ಅವಳು ನನಗಿಟ್ಟ ಹೆಸರು ಅದು. "ಮಾರಿ ನೋಡಿದ್ರ ಏನ್ ಅನ್ನಾಕತ್ತಾರ ತಿಳೀತದ. ನಿನ್ನ ದನಿ ಬಂತಂದ್ರ ಕತಿ ಕೆಡ್ತದ."

ನನಗೆ ಮೈಯೆಲ್ಲ ಉರಿಯಿತು. ಆದರೂ ಕಿವಿ ಅತ್ತಲೇ ಇರುತ್ತಿತ್ತು. ಅವಳ ಓದು ಎಂದರೆ ಪುಸ್ತಕದವರ ಜೊತೆ ಜಗಳ. ಆಕಾಶದಲ್ಲಿ ಹಾರುವ ಹಡಗು ಕಂಡರೆ, "ಇಷ್ಟ್ ದೊಡ್ಡ ಹಡಗದ, ಒಲಿ ಎಲ್ಲದ? ಗಾಳಿ ಕುಡದು ಬದುಕ್ತಾರೇನು?" ಬೆಂಕಿ ಉಗುಳುವ ಹಾವು ಕಂಡರೆ, "ಇದಕ್ಕ ಯಾರೂ ಮೇವು ಹಾಕಿಲ್ಲ, ಹಸದದ ಪಾಪ, ಅದಕ್ಕ ಸಿಟ್ಟು." ಗ್ರಹದಿಂದ ಗ್ರಹಕ್ಕೆ ಸರಕು ಹೇರಿಕೊಂಡು ಅಲೆಯುವ ಜನರ ಪುಟ ಬಂದಾಗ ಅವಳ ಮುಖ ನೋಡಬೇಕಿತ್ತು. "ಇವ್ರು ನಮ್ಮವ್ರ! ನಮ್ಮ ಹಿರ್ಯಾರು ಎತ್ತಿನ ಮ್ಯಾಲ ಉಪ್ಪು ಹೇರ್ಕೊಂಡು ಹಿಂಗ ಹೊಂಟಿದ್ರು!" ಕಬ್ಬಿಣದ ಮನುಷ್ಯನೊಬ್ಬನನ್ನು ಸುಟ್ಟು ಹಾಕಿದ ದಿನ ಮಾತ್ರ ಪುಸ್ತಕ ಮುಚ್ಚಿ ಎದ್ದು ಹೋದಳು. ಕಬ್ಬಿಣದವನಾದರೇನು, ಅವನಿಗೂ ಅಕ್ಕತಂಗಿಯರು ಇರುತ್ತಾರಂತೆ.

ಅವಳ ಜನರ ಅಳುವಿನ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಒಂದು ಮಧ್ಯಾಹ್ನ ಅವಳ ಅಕ್ಕ ದುರ್ಗಾಬಾಯಿ ತಾಂಡಾದಿಂದ ಬಂದು ಅಂಗಡಿಯ ಮುಂದೆ ಬಸ್ಸಿಳಿದಳು. ಇಬ್ಬರೂ ಒಬ್ಬರ ಕೊರಳಿಗೊಬ್ಬರು ಬಿದ್ದು ರಾಗ ತೆಗೆದು ಅಳತೊಡಗಿದರು. ಬೀದಿಗೆ ಬೀದಿಯೇ ನಿಂತು ನೋಡಿತು. ನಾನು ತಂಬಿಗೆಯಲ್ಲಿ ನೀರು ಹಿಡಿದು ಓಡಿದೆ.

"ಯಕ್ಕಾ, ಯಾರ್ ಹೋದ್ರು?" ಎಂದು ಕೇಳಿದೆ.

ಇಬ್ಬರೂ ಕಣ್ಣೊರೆಸಿಕೊಂಡು ನಗತೊಡಗಿದರು. "ಯಾರೂ ಹೋಗಿಲ್ಲೋ ಮಾಸ್ತರ, ಬಂದಾಳ!" ಎಂದಳು ರಾಮಿಬಾಯಿ. "ಭಾಳ ದಿನಕ್ಕ ಸಿಕ್ರ ನಮ್ಮಲ್ಲಿ ಹಿಂಗ. ತಬ್ಕೊಂಡು ಹಾಡಿ ಅಳೂದು. ಒಬ್ಬಾಕಿ ಅತ್ರ ಇನ್ನೊಬ್ಬಾಕಿ ಹಾಡಿನ್ಯಾಗ ಉತ್ರ ಕೊಡಬೇಕು. ಕೊಡಲಿಲ್ಲಂದ್ರ ಅದೇನ್ ಭೇಟಿ? ಮದುವಿ ಆಗಿ ಹೋಗೂ ಮುಂದೂ ಹಂಗ, ಹುಡುಗಿ ತಾಯಿ ಕೊರಳಿಗೆ ಬಿದ್ದು ಅತ್ತು, ಆಮ್ಯಾಲ ಹೊಸ್ತಿಲ ದಾಟ್ತಾಳ." ತಂಬಿಗೆ ಹಿಡಿದು ನಿಂತ ನನ್ನನ್ನು ನೋಡಿ ಎದುರಿಗೆ ಎಳನೀರು ಮಾರುವವನೂ ನಕ್ಕ.

ರಾಮಿಬಾಯಿಯ ಮಗಳು ಮುಸ್ಕಾನ ಹಾಗೆ ಅತ್ತು ಹೋಗಲಿಲ್ಲ. ಬೀಚಿನಲ್ಲೇ ಬೆಳೆದ ಹುಡುಗಿ, ಕೊಂಕಣಿ ಹಿಂದಿ ನೀರು ಕುಡಿದಂತೆ ಮಾತಾಡುತ್ತಿದ್ದಳು. ಗೆಳತಿಯರ ಮುಂದೆ ತಾಯಿಯ ಲಂಬಾಣಿ ಮಾತು ಎಂದರೆ ಅವಳಿಗೆ ನಾಚಿಕೆ. ತಾಯಿಯನ್ನು 'ಯಾಡಿ' ಎನ್ನಬೇಕು, ಇವಳದು 'ಮಮ್ಮಿ'. ಡಿಚೋಲಿಯ ಟ್ರಕ್ ಡ್ರೈವರ್ ದೇವು ಎಂಬವನ ಮೇಲೆ ಮನಸ್ಸಾಯಿತು. ಜಾತಿ ಬೇರೆ, ತಾಯಿ ಒಪ್ಪಲಿಲ್ಲ. ಒಂದು ಬೆಳಿಗ್ಗೆ ರಾಮಿಬಾಯಿ ಬೀಚಿಗೆ ಹೋದಾಗ ಹುಡುಗಿ ಬಟ್ಟೆ ಕಟ್ಟಿಕೊಂಡು ಹೊರಟೇಹೋದಳು.

ದೀಪಾವಳಿಗೆ ಮುಸ್ಕಾನ ನನ್ನ ಫೋನಿಗೆ ಫೋನು ಮಾಡಿದಳು. ಮನೆ ಎಲ್ಲಿದೆ, ಯಾವ ಟ್ರಕ್ ಯಾರ್ಡಿನ ಹಿಂದೆ, ಎಲ್ಲ ವಿವರವಾಗಿ ನನಗೆ ಹೇಳಿದಳು. ಯಾರಿಗಾಗಿ ಹೇಳಿದಳೆಂದು ಬಿಡಿಸಿ ಹೇಳಬೇಕಿಲ್ಲ. ಫೋನನ್ನು ರಾಮಿಬಾಯಿಯ ಮುಂದೆ ಹಿಡಿದೆ. ಅವಳು ಬೆನ್ನು ತಿರುಗಿಸಿ ಸೂಜಿಗೆ ದಾರ ಪೋಣಿಸುತ್ತ ಕೂತಳು. ಅತ್ತ ಕಡೆ ಹುಡುಗಿ "ಮಮ್ಮಿ, ಮಮ್ಮಿ" ಎನ್ನುತ್ತಲೇ ಇತ್ತು. ಆಮೇಲೆ ಫೋನು ಬರಲಿಲ್ಲ. ಹೆತ್ತ ಕರುಳಿಗೆ ಇಷ್ಟು ಹಟ ಒಳ್ಳೆಯದಲ್ಲ ಎಂದು ನಾನು ಬೈದೆ. ಅದಕ್ಕೆ ಅವಳು ಬಹಳ ದಿನ ಕಟ್ಟೆಯ ಕಡೆ ಸುಳಿಯಲಿಲ್ಲ.

ಈ ಮಳೆಗಾಲದಲ್ಲಿ ಅವಳ ಕೈಗೆ ಸಿಕ್ಕಿದ್ದು ಹಸಿರು ಹುಡುಗಿಯ ಪುಸ್ತಕ. ಮೊದಲ ಪುಟದಲ್ಲೇ ಹಸಿರು ಮೈಯ ಹುಡುಗಿಯೊಬ್ಬಳು ಹಡಗಿನಲ್ಲಿ ಕೂತು ನಕ್ಷತ್ರಗಳ ನಡುವೆ ಹೋಗುತ್ತಿರುತ್ತಾಳೆ. ಕೆಳಗೆ, ಬತ್ತುತ್ತಿರುವ ಊರಲ್ಲಿ, ಅವಳ ತಾಯಿ ಕೊನೆಯ ಬಾವಿ ಕಾಯುತ್ತ ಕೂತಿರುತ್ತಾಳೆ. ಪುಸ್ತಕದುದ್ದಕ್ಕೂ ಹೀಗೇ, ಒಂದು ಪುಟ ಮಗಳು, ಒಂದು ಪುಟ ತಾಯಿ. ರಾಮಿಬಾಯಿ ದಿನಕ್ಕೆ ನಾಲ್ಕಾರು ಪುಟ ನೋಡಿ, ಗುರುತಿಗೆ ಕೆಂಪು ದಾರ ಇಟ್ಟು ಮುಚ್ಚುತ್ತಿದ್ದಳು. ಬೈಗಳೆಲ್ಲ ಆ ಹಸಿರು ತಾಯಿಗೆ.

"ಎಂಥಾ ಹೆಂಗಸದ ಇದು! ಬಾವಿ ಕಾಯ್ತದ, ಮಗಳನ್ನ ಕಾಯಲಿಲ್ಲ. ಒಮ್ಮ್ಯಾರ ತಲಿ ಎತ್ತಿ ಮ್ಯಾಲ ನೋಡಲೇ ಯವ್ವಾ, ನಿನ್ನ ಮಗಳು ಅಲ್ಲೇ ಹೊಂಟಾಳ!"

ಮಗಳು ಮನೆಗೆ ಬರುತ್ತಾಳೋ ಇಲ್ಲವೋ ಎಂಬುದೊಂದೇ ಅವಳಿಗೆ ಬೇಕಾಗಿತ್ತು, ಅದು ಯಾವ ಮಗಳ ಮಾತೆಂದು ನನಗೂ ಗೊತ್ತಿತ್ತು.

ಗಣೇಶ ಚೌತಿ ಮುಗಿದು ಮಳೆ ಕಡಿಮೆಯಾದಾಗ ಕೊನೆಯ ಪುಟ ಬಂತು. ಪುಟದ ತುಂಬ ಒಂದೇ ಚಿತ್ರ. ಹಡಗಿನ ಬಾಗಿಲು ತೆರೆದಿದೆ, ತಾಯಿ ಮಗಳು ಒಬ್ಬರನ್ನೊಬ್ಬರು ತಬ್ಬಿಕೊಂಡು ಬಾಯಿ ಬಿಟ್ಟು ಅಳುತ್ತಿದ್ದಾರೆ.

"ಬಂದ್ಲು!" ರಾಮಿಬಾಯಿ ಕಿರುಚಿದಳು. "ಮಾಸ್ತರ, ಬಂದ್ಲು ನೋಡೋ! ನೋಡು ಹೆಂಗ ಅಳಾಕತ್ತಾರ, ಥೇಟ್ ನಮ್ಮಂಗ! ಭೇಟಿ ಆತು!" ಅವಳ ಕಣ್ಣಲ್ಲಿ ನೀರು, ಮುಖದ ತುಂಬ ನಗು.

ಸುಮ್ಮನಿರಬೇಕಿತ್ತು ನಾನು. ಆದರೆ ತಪ್ಪು ಓದು ಕಂಡರೆ ತಿದ್ದದೆ ಇರಲಾರದ ಹಾಳು ಚಟ ನನ್ನದು. ಚಿತ್ರದ ಕೆಳಗಿನ ಸಾಲು ಓದಿದ್ದೆ.

"ಹಂಗಲ್ಲ ಯಕ್ಕಾ," ಎಂದೆ. "ಇದು ಆಕಿ ಬಂದ ದಿನ ಅಲ್ಲ. ಮನಿ ಬಿಟ್ಟು ಹೋದ ದಿನ. ಹುಡುಗಿ ಹಡಗಿನ್ಯಾಗ ಕುಂತು ನೆನಸ್ಕೊಳ್ಳಾಕತ್ತಾಳ. ಆಕಿ ತಿರುಗಿ ಬರಲೇ ಇಲ್ಲ."

ರಾಮಿಬಾಯಿಯ ನಗು ಅಲ್ಲೇ ನಿಂತಿತು. ನನ್ನ ಬಾಯಿಗಿಷ್ಟು ಮಣ್ಣು ಬೀಳಲಿ ಅನ್ನಿಸಿತು. ಅವಳು ಚಿತ್ರದ ಮೇಲೆ ಬೆರಳಿಟ್ಟಳು.

"ಹೋಗೂ ಮುಂದ ಹಿಂಗ ತಬ್ಬಿ ಅತ್ತಿದ್ಲೇನು?" ಎಂದು ಕೇಳಿದಳು.

"ಹೌದು."

"ಅತ್ತು ಕಳಿಸಿದ್ಲು ತಾಯಿ." ಪುಸ್ತಕ ಮುಚ್ಚಿದಳು. "ನಾ ಬೈದ್ನಲ್ಲೋ ಆಕಿನ್ನ. ನನ್ನ ಮಗಳಿಗೆ ಅದೂ ಸಿಗಲಿಲ್ಲ." ಹೊಲಿಗೆಯನ್ನೆಲ್ಲ ಗಂಟು ಕಟ್ಟಿ ಎದ್ದಳು. "ಗಾಡಿ ತಗಿ."

"ಎಲ್ಲಿಗೆ?"

"ಡಿಚೋಲಿಗೆ. ಅಳೂದು ಬಾಕಿ ಉಳದದ."

ಅಂಗಡಿಗೆ ಬೀಗ ಹಾಕಿ ಸ್ಕೂಟರ್ ತೆಗೆದೆ. ದಾರಿಯಲ್ಲಿ ಅವಳು ಒಂದೇ ಮಾತು ಆಡಿದ್ದು. "ಆಕಿಗೆ ನಮ್ಮ ಹಾಡು ಬರಾಂಗಿಲ್ಲ ಮಾಸ್ತರ. ಉತ್ರ ಕೊಡದ ನಿಂತ್ಲಂದ್ರ?" ನಾನು ಸ್ಕೂಟರಿನ ವೇಗ ಹೆಚ್ಚಿಸಿದೆ.

ಟ್ರಕ್ ಯಾರ್ಡಿನ ಹಿಂದೆ ಸಾಲು ಕೋಣೆಗಳು. ಮುಸ್ಕಾನ ನಲ್ಲಿಯ ಹತ್ತಿರ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದಳು. ನಮ್ಮನ್ನು ಕಂಡು ಎದ್ದು ನಿಂತಳು. ಮುಖದಲ್ಲಿ ನಗುವಿರಲಿಲ್ಲ. ರಾಮಿಬಾಯಿ ಸೀದಾ ಹೋಗಿ ಅವಳ ಕೊರಳಿಗೆ ಬಿದ್ದು ದನಿಯೆತ್ತಿ ಹಾಡತೊಡಗಿದಳು. ಹುಡುಗಿ ಸೋಪಿನ ಕೈಗಳನ್ನು ದೂರ ಹಿಡಿದು ಕಂಬದಂತೆ ನಿಂತಿತ್ತು. ಒಂದು ಸಾಲು ಹಾಡಿ ರಾಮಿಬಾಯಿ ನಿಲ್ಲಿಸಿದಳು. ಉತ್ತರದ ಜಾಗ ಅದು. ಉತ್ತರ ಬರಲಿಲ್ಲ. ನೋಡಲಾಗದೆ ನಾನು ತಲೆ ತಗ್ಗಿಸಿದೆ. ಅವಳು ಇನ್ನೊಂದು ಸಾಲು ಹಾಡಿದಳು, ಮತ್ತೆ ನಿಲ್ಲಿಸಿದಳು.

ಆಗ ಒಂದು ಸಣ್ಣ, ರಾಗ ತಪ್ಪಿದ ದನಿ ಕೇಳಿತು.

"ಯಾಡೀ… ಯಾಡೀಯೇ…"

ಸೋಪಿನ ಕೈಗಳು ತಾಯಿಯ ಬೆನ್ನ ಮೇಲಿನ ಸೆರಗಿನ ಕನ್ನಡಿಗಳ ಮೇಲೆ ಬಿದ್ದವು. ಹುಡುಗಿ ಹಾಡಿದಳು. ಲಂಬಾಣಿ ಸಾಲದಾದಾಗ ಹಿಂದಿ, ಅದೂ ಸಾಲದಾದಾಗ ಕೊಂಕಣಿ. ದೀಪಾವಳಿಗೆ ಫೋನು ಮಾಡಿದರೆ ಯಾಕೆ ತೆಗೆದುಕೊಳ್ಳಲಿಲ್ಲ ಯಾಡೀ ಎಂದು ಅದನ್ನೂ ರಾಗಕ್ಕೆ ಕೂರಿಸಿದಳು. ರಾಮಿಬಾಯಿ ಅದಕ್ಕೂ ಹಾಡಿನಲ್ಲೇ ಉತ್ತರ ಕೊಟ್ಟಳು.

ಪಕ್ಕದ ಕೋಣೆಯ ಮುದುಕಿಯೊಬ್ಬಳು ಚೊಂಬಿನಲ್ಲಿ ನೀರು ಹಿಡಿದು ಓಡಿಬಂದಳು. "ಕೋಣ್ ಮೆಲೊ? ಕೋಣ್ ಮೆಲೊ?" ಯಾರು ಸತ್ತರೆಂದು ನನ್ನ ತೋಳು ಹಿಡಿದು ಕೇಳಿದಳು. ಇಷ್ಟು ಕಾಲ ಗೋವಾದಲ್ಲಿದ್ದು ಕಲಿತ ಕೊಂಕಣಿಯೆಲ್ಲ ಆ ಹೊತ್ತಿಗೆ ನನಗೆ ಮರೆತುಹೋಗಿತ್ತು.

"ಯಾರೂ ಸತ್ತಿಲ್ಲ ಆಯೀ," ಎಂದೆ ನಮ್ಮ ಮಾತಿನಲ್ಲೇ. "ತಾಯಿ ಬಂದಾಳ."

ಮುದುಕಿಗೆ ತಿಳಿಯಲಿಲ್ಲ. ನನ್ನ ಒದ್ದೆ ಕಣ್ಣು ನೋಡಿ ಚೊಂಬು ನನ್ನ ಕೈಗೇ ಕೊಟ್ಟಳು. ನಾನು ಆ ನೀರು ಕುಡಿದೆ.