ಹನ್ನೆರಡರಿಂದ ನಾಲ್ಕರವರೆಗೆ

ಸಮುದ್ರಕ್ಕೆ ಮುಖ ಮಾಡಿದ್ದ ಆ ಹನ್ನೆರಡು ಕೋಣೆಗಳ ವಸತಿಗೃಹದಲ್ಲಿ ಪ್ರತಿ ಬಾಗಿಲ ಹಿಂದೆಯೂ ಒಂದು ಹಾಳೆ ಅಂಟಿಸಿತ್ತು. ತಂಪು ದೇಶಗಳಿಂದ ಬರುವ ಪ್ರವಾಸಿಗರಿಗೆ ಬುದ್ಧಿಮಾತು. ಹನ್ನೆರಡರಿಂದ ನಾಲ್ಕರವರೆಗೆ ಬಿಸಿಲಿಗೆ ಹೋಗಬೇಡಿ. ಬಾಯಾರುವ ಮೊದಲೇ ನೀರು ಕುಡಿಯಿರಿ. ಸಡಿಲವಾದ ಹತ್ತಿ ಬಟ್ಟೆ ತೊಡಿ. ಬಿಸಿಲಲ್ಲಿ ಬೆವರು ನಿಂತುಹೋದರೆ ಹಗುರವಾಗಿ ತೆಗೆದುಕೊಳ್ಳಬೇಡಿ. ಕೆಳಗೆ ಯಜಮಾನರ ಸಹಿ. ಆದರೆ ಹೇಳಿ ಬರೆಸಿದವಳು ದೊಡ್ಡಮ್ಮ. ಯಜಮಾನರು ಹುಟ್ಟಿದಾಗಿನಿಂದ ಫ್ಯಾನಿನ ಕೆಳಗೇ ಬೆಳೆದವರು. ಬಿಸಿಲಿನ ವಿಷಯ ಅವರಿಗೇನು ಗೊತ್ತು?

ದೊಡ್ಡಮ್ಮ ಹದಿನೇಳು ವರ್ಷದಿಂದ ಅಲ್ಲಿ ಚಾದರ ಒಗೆದು ಹಾಸಿಗೆ ಹಾಸುತ್ತಿದ್ದಳು. ಮನೆಯಲ್ಲಿ ಐದಕ್ಕೆ ಎದ್ದು, ನೀರು ತುಂಬಿಸಿ, ಅಡುಗೆ ಮುಗಿಸಿ, ಗಂಡನ ಕೈಗೆ ಟೀ ಲೋಟ ಕೊಟ್ಟು, "ಸಕ್ಕರೆ ಕಮ್ಮಿ" ಎಂಬ ಮಾತು ಕೇಳಿಸಿಕೊಂಡೇ ಹೊರಡುವವಳು. ಜೊತೆಗೆ ಕೆಲಸಕ್ಕೆ ಬರುತ್ತಿದ್ದ ತಂಗಿಯ ಮಗಳು ದೊಡ್ಡಮ್ಮ ಅನ್ನುತ್ತಿದ್ದಳು. ಅದೇ ಎಲ್ಲರ ಬಾಯಿಗೂ ಹತ್ತಿತು, ಯಜಮಾನರ ಬಾಯಿಗೂ.

ಅತಿಥಿಗಳು ಹನ್ನೊಂದಕ್ಕೆ ಕೋಣೆ ಬಿಡುತ್ತಿದ್ದರು, ಹೊಸಬರು ನಾಲ್ಕಕ್ಕೆ ಬರುತ್ತಿದ್ದರು. ಅಷ್ಟರೊಳಗೆ ಚಾದರಗಳನ್ನು ಒಗೆದು, ಒಣಗಿಸಿ, ಇಸ್ತ್ರಿ ಮಾಡಿ ಹಾಸಿಗೆಗೆ ಹಾಸಬೇಕು. ಒಣಗಿಸುವ ಜಾಗ ಮೂರು ಮಹಡಿ ಮೇಲಿನ ತಾರಸಿ. ಯಾವ ಹೊತ್ತಿನಲ್ಲಿ ಹೊರಗೆ ಕಾಲಿಡಬೇಡಿ ಎಂದು ಹಾಳೆ ಹೇಳುತ್ತಿತ್ತೋ, ತಾರಸಿಯ ಕೆಲಸ ಆಗಬೇಕಾದದ್ದು ಅದೇ ಹೊತ್ತಿನಲ್ಲಿ.

ನೀರಿಗೇನೂ ಬರ ಇರಲಿಲ್ಲ. ಕೆಲಸದವರ ಶೌಚಾಲಯ ಮಾತ್ರ ಕೆಳಗೆ ಹಿತ್ತಲಲ್ಲಿತ್ತು, ಅದರ ಬೀಗದ ಕೈ ಯಜಮಾನಿಯ ಸೊಂಟದಲ್ಲಿತ್ತು. ಕೇಳಿದಾಗಲೆಲ್ಲ "ಈಗ ತಾನೇ ಹೋಗಿದ್ಯಲ್ಲ?" ಎಂಬ ಪ್ರಶ್ನೆ, ನಾಲ್ಕು ಜನ ಗಂಡಸರ ಎದುರಿಗೇ. ಅದಕ್ಕೇ ತಂಗಿಯ ಮಗಳು, ಆ ಹುಡುಗಿ, ಕೆಲಸಕ್ಕೆ ಸೇರಿದ ದಿನ ದೊಡ್ಡಮ್ಮ ಪಾಠ ಹೇಳಿದ್ದಳು.

"ಬೆಳಿಗ್ಗೆ ಒಂದು ಲೋಟ ಕುಡಿ. ಆಮೇಲೆ ನಾಲ್ಕರ ತನಕ ನೀರು ಮುಟ್ಬೇಡ. ಅಭ್ಯಾಸ ಆಗುತ್ತೆ."

"ಒಂಟೆ ಥರಾನಾ ದೊಡ್ಡಮ್ಮ?"

"ಒಂಟೆಗಾದ್ರೂ ಬಯಲು ಇರುತ್ತೆ ಕಣೇ."

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಈ ಸಲದ ಬೇಸಿಗೆಯಲ್ಲಿ ಹದಿನೈದು ದಿನದಿಂದ ಗಾಳಿಯೇ ಬಿದ್ದುಹೋಗಿತ್ತು. ತಾರಸಿಯ ನಲ್ಲಿ ತಿರುಗಿಸಿದರೆ ನೀರು ಕೈ ಸುಡುತ್ತಿತ್ತು. ಬೀದಿನಾಯಿಗಳು ನಿಂತ ಕಾರುಗಳಡಿ ಸೇರಿ ಬೊಗಳುವುದನ್ನೂ ಬಿಟ್ಟಿದ್ದವು. ಅಂದು ದೊಡ್ಡಮ್ಮನ ಮಂಡಿ ಊದಿತ್ತು. "ನೀನು ಕೋಣೆಗಳಲ್ಲೇ ಇರು, ತಾರಸಿದು ನಾನು ನೋಡ್ಕೋತೀನಿ" ಎಂದು ಹುಡುಗಿ ಇಪ್ಪತ್ನಾಲ್ಕು ಚಾದರಗಳ ಬುಟ್ಟಿ ಎತ್ತಿಕೊಂಡು ಹೋದಳು.

ಮೂರನೆಯ ಮಹಡಿಯ ಕೋಣೆಯಲ್ಲಿ ಒಬ್ಬ ವಯಸ್ಸಾದ ಪ್ರವಾಸಿ ಹೆಂಗಸು ಒಂಟಿಯಾಗಿ ಇಳಿದಿದ್ದಳು. ದೊಡ್ಡಮ್ಮ ದಿಂಬಿನ ಗವಸು ಬದಲಿಸುತ್ತಿದ್ದಾಗ ಆಕೆ ಹಾಳೆಯ ಕೊನೆಯ ಸಾಲಿಗೆ ಬೆರಳಿಟ್ಟು, ಇದೇನೆಂದು ಕೈಸನ್ನೆಯಲ್ಲಿ ಕೇಳಿದಳು. ದೊಡ್ಡಮ್ಮ ಹಣೆ ಒರೆಸಿಕೊಳ್ಳುವ ಹಾಗೆ ಮಾಡಿ, ಒಣಗಿದ ಅಂಗೈ ತೋರಿಸಿ, ಕಣ್ಣು ಮೇಲೆ ಮಾಡಿ, ಕತ್ತು ವಾಲಿಸಿದಳು. ಆಕೆ ನಕ್ಕಳು. ದೊಡ್ಡಮ್ಮನೂ ನಕ್ಕಳು. ನಗುತ್ತಿದ್ದಂತೆಯೇ ಅವಳ ಗಮನ ಮೇಲಕ್ಕೆ ಹೋಯಿತು. ಇಷ್ಟು ಹೊತ್ತೂ ಒದ್ದೆ ಚಾದರ ಕೊಡವುವ ಫಟ್ ಫಟ್ ಸದ್ದು ಬರುತ್ತಿತ್ತು. ಈಗ ಬರುತ್ತಿರಲಿಲ್ಲ.

ಮಂಡಿಯನ್ನು ಲೆಕ್ಕಿಸದೆ ಮೆಟ್ಟಿಲು ಹತ್ತಿದಳು. ಹುಡುಗಿ ನಿಂತೇ ಇದ್ದಳು. ಒಂದೇ ಚಾದರವನ್ನು ಹಗ್ಗಕ್ಕೆ ಹಾಕುತ್ತಿದ್ದಳು, ತೆಗೆಯುತ್ತಿದ್ದಳು, ಮತ್ತೆ ಹಾಕುತ್ತಿದ್ದಳು.

"ಏನೇ ಮಾಡ್ತಿದ್ದೀಯಾ?"

"ಅಮ್ಮಾ, ಬಾಗಿಲು ಹಾಕು, ಚಳಿ" ಎಂದಳು ಹುಡುಗಿ, ಅವಳ ಕಡೆ ನೋಡದೆ.

ದೊಡ್ಡಮ್ಮ ಅವಳ ಕೈ ಹಿಡಿದಳು. ಇಸ್ತ್ರಿ ಪೆಟ್ಟಿಗೆಯಡಿಯಿಂದ ಆಗಷ್ಟೇ ತೆಗೆದ ಬಟ್ಟೆಯಂತೆ ಬಿಸಿ, ಒಂದು ಹನಿ ಬೆವರಿಲ್ಲ. ಹಿಡಿದ ಕೈಯಲ್ಲೇ ಹುಡುಗಿ ಕುಸಿದಳು.

ಹೇಗೆ ಇಳಿಸಿದಳೋ ದೇವರಿಗೇ ಗೊತ್ತು. ಪ್ರವಾಸಿ ಹೆಂಗಸು ಬಾಗಿಲು ಪೂರ್ತಿ ತೆಗೆದು ದಾರಿ ಬಿಟ್ಟಳು. ದೊಡ್ಡಮ್ಮ ಹುಡುಗಿಯನ್ನು ಫ್ಯಾನಿನ ಕೆಳಗೆ ತಣ್ಣನೆಯ ನೆಲದ ಮೇಲೆ ಮಲಗಿಸಿ, ಹೊಸದಾಗಿ ಹಾಸಿದ್ದ ಚಾದರ ಕಿತ್ತು, ತೋಯಿಸಿ ಹೊದಿಸಿದಳು. ಪ್ರವಾಸಿ ಹೆಂಗಸು ಮಂಡಿಯೂರಿ ಟೋಪಿಯಿಂದ ಗಾಳಿ ಹಾಕತೊಡಗಿದಳು. ಸದ್ದು ಕೇಳಿ ಯಜಮಾನಿ ಬಂದಳು.

"ಅಯ್ಯೋ, ಅತಿಥಿ ಕೋಣೇಲಾ? ಕೆಳಗೆ ಕರ್ಕೊಂಡು ಹೋಗಿ ಸ್ವಲ್ಪ ಮಲಗಿಸು, ಸರಿಹೋಗುತ್ತೆ."

"ಸರಿಹೋಗಲ್ಲ. ಕಾರು ಕೊಡಿ, ಆಸ್ಪತ್ರೆಗೆ ಹೋಗ್ಬೇಕು."

"ಕಾರು ಸ್ಟೇಷನ್‌ಗೆ ಹೊರಡ್ಬೇಕು. ಅಲ್ಲಿ ನಾಲ್ಕು ಜನ ಕಾಯ್ತಿದ್ದಾರೆ."

"ಕಾಯ್ಲಿ. ನೆರಳಲ್ಲಿ ನಿಂತ್ಕೊಳ್ಳೋಕೆ ಹೇಳಿ, ನೀರು ಕುಡೀತಾ ಇರೋಕೆ ಹೇಳಿ" ಎಂದಳು ದೊಡ್ಡಮ್ಮ. ಹದಿನೇಳು ವರ್ಷದಲ್ಲಿ ಯಜಮಾನಿಗೆ ಎದುರು ಮಾತಾಡಿದ್ದು ಅದೇ ಮೊದಲು. ಹುಡುಗಿಯ ಕಂಕುಳಿಗೆ ಕೈ ಹಾಕಿದಳು, ಪ್ರವಾಸಿ ಹೆಂಗಸು ಕಾಲು ಹಿಡಿದಳು. ಅತಿಥಿಯೇ ಹೊರುವುದನ್ನು ಕಂಡ ಡ್ರೈವರ್ ಯಜಮಾನಿಯ ಮುಖ ನೋಡದೆ ಕಾರಿನ ಬಾಗಿಲು ತೆಗೆದ.

ದಾರಿಯುದ್ದಕ್ಕೂ ಹುಡುಗಿಯ ತಲೆ ದೊಡ್ಡಮ್ಮನ ತೊಡೆಯ ಮೇಲಿತ್ತು. ಮೊದಲು ಏನೇನೋ ಬಡಬಡಿಸುತ್ತಿದ್ದಳು. ಸೇತುವೆ ದಾಟಿದ ಮೇಲೆ ಅದೂ ನಿಂತಿತು. ಹೊದಿಸಿದ ಚಾದರ ಆಗಲೇ ಅಂಚಿನಿಂದ ಒಣಗುತ್ತಾ ಬರುತ್ತಿತ್ತು.

ಆಸ್ಪತ್ರೆಯಲ್ಲಿ ಸ್ಟ್ರೆಚರ್ ಒಳಗೆ ಹೋಯಿತು. ನರ್ಸ್ ಬಾಗಿಲಲ್ಲೇ ಪೆನ್ನು ಹಿಡಿದು ನಿಂತಳು.

"ಎಷ್ಟು ಹೊತ್ತು ಬಿಸಿಲಲ್ಲಿದ್ಲು?"

"ಹನ್ನೆರಡರಿಂದ."

"ನೀರು ಕುಡಿದಿದ್ಲಾ?"

"ಇಲ್ಲ."

"ಯಾಕಮ್ಮಾ, ಇಂಥಾ ಬಿಸಿಲಲ್ಲಿ? ಕುಡೀಬೇಕು ಅಂತ ಹೇಳೋರು ಯಾರೂ ಇರ್ಲಿಲ್ವಾ?"

ಶೌಚಾಲಯದ ಬೀಗದ ಕೈ ಯಾರ ಸೊಂಟದಲ್ಲಿತ್ತು ಎಂದು ಹೇಳಲು ದೊಡ್ಡಮ್ಮ ಬಾಯಿ ತೆರೆದಳು. ಹೇಳಬೇಕಾದದ್ದೇ ಅದು, ಹೇಳಿಯೂ ಹೇಳುತ್ತಾಳೆ. ಆದರೆ ಮೊದಲು ಹೊರಬಿದ್ದದ್ದು ಬೇರೆ ಮಾತು.

"ಕುಡೀಬೇಡ ಅಂದಿದ್ದು ನಾನೇ."

ನರ್ಸ್ ತಲೆ ಎತ್ತಿದಳು. ಒಳಗಿನಿಂದ ಯಾರೋ ಅವಳನ್ನು ಗಟ್ಟಿಯಾಗಿ ಕೂಗಿದರು. ಬರೆಯುವುದನ್ನು ಅಲ್ಲಿಗೇ ಬಿಟ್ಟು ಅವಳು ಓಡಿದಳು.