ಕೊಚ್ಚಿಯಲ್ಲಿ ಇಳಿದ ಸೀತಮ್ಮ

ಸೀತಮ್ಮನವರ ಮನೆಯಲ್ಲಿ ಅಕ್ಕಿ ಯಾವತ್ತೂ ಮುಗಿದದ್ದಿಲ್ಲ. "ಉಮಾ, ಅಕ್ಕಿ ಹೆಚ್ಚಿದೆ ಕಣೇ, ಒಂದು ಪಾವು ಕೊಡ್ತೀಯಾ?" ಎಂದು ರಸ್ತೆ ದಾಟಿ ಬಂದರೆ ಡಬ್ಬ ಖಾಲಿಯಾಗಿದೆ ಎಂದು ನಾನು ತಿಳಿದುಕೊಳ್ಳಬೇಕು. ಕುಂಕುಮ ತೀರಿದರೂ ಹೆಚ್ಚಿತು, ಬಳೆ ಒಡೆದರೂ ಹೆಚ್ಚಿತು. ದೀಪವನ್ನು ಆರಿಸುವಂತಿಲ್ಲ, ಶಾಂತ ಮಾಡಬೇಕು. ಮಕ್ಕಳೆಷ್ಟು ಎಂದು ಹೊಸಬರು ಕೇಳಿದರೆ, ಐವತ್ತು ದಾಟಿದ ಮೇಲೂ "ಇನ್ನೂ ಆಗಬೇಕು" ಎನ್ನುತ್ತಿದ್ದರು. ಕೇಳಿದವರು ನಗಬೇಕೋ ಅಳಬೇಕೋ ತಿಳಿಯದೆ ಕಾಫಿ ಲೋಟ ಕೆಳಗಿಟ್ಟು ಎದ್ದು ಹೋಗುತ್ತಿದ್ದರು.

ಗಂಡನ ವಿಷಯಕ್ಕೆ ಬಂದರಂತೂ "ಇಲ್ಲ" ಎನ್ನುವ ಮಾತು ಅವರ ನಾಲಿಗೆಯ ಹತ್ತಿರವೂ ಸುಳಿಯಬಾರದು. ಯಜಮಾನರು ಇದ್ದಾರಾ ಎಂದು ಯಾರೇ ಕೇಳಲಿ, "ಈಗ ಬರ್ತಾರೆ, ಕೂತ್ಕೊಳ್ಳಿ" ಎಂಬುದೊಂದೇ ಉತ್ತರ. ಒಮ್ಮೆ ಗಂಡ ಜಯಸಿಂಹರು ಮದರಾಸಿಗೆ ಹೋಗಿದ್ದಾಗ ವಿಮೆಯವನೊಬ್ಬ ಈ ಮಾತು ನಂಬಿ ಬೆಳಗಿನಿಂದ ಊಟದ ಹೊತ್ತಿನವರೆಗೆ ಜಗಲಿಯಲ್ಲಿ ಕೂತಿದ್ದ. ಕೊನೆಗೆ ನಾನೇ ಹೋಗಿ, "ಅವರು ಬರೋದು ಮುಂದಿನ ವಾರ, ಎದ್ದು ಹೋಗಪ್ಪಾ" ಎಂದು ಕಳಿಸಿದೆ. ಅದಕ್ಕೆ ಸೀತಮ್ಮ ನನ್ನ ಮೇಲೇ ಮುನಿಸಿಕೊಂಡರು! ನಮ್ಮ ಲಿಂಗಾಯತರ ಮನೆಗಳಲ್ಲೂ ಈ ಪದ್ಧತಿ ಉಂಟು, ನಾನು ಆಡಿಕೊಳ್ಳುವ ಹಾಗಿಲ್ಲ. ಮುತ್ತೈದೆ ಬಾಯಲ್ಲಿ ಅಪಶಕುನ ಬರಬಾರದು ಎಂದು ನಮ್ಮಮ್ಮನೂ ಹೇಳುತ್ತಿದ್ದಳು. ಆದರೆ ಹೇಳುತ್ತಿದ್ದಳು ಅಷ್ಟೆ. ಸೀತಮ್ಮ ಅದನ್ನು ಉಸಿರಾಡುತ್ತಿದ್ದರು.

ಅವರು ಬಸವನಗುಡಿಯಲ್ಲಿ ಹುಟ್ಟಿ, ಹದಿನಾಲ್ಕಕ್ಕೆ ಮದುವೆಯಾಗಿ, ಎರಡು ಬೀದಿ ಆಚೆಗೆ ಸಂಸಾರಕ್ಕೆ ಹೋದವರು. ಪೂರ್ತಿ ಹೆಸರು ಸೀತಾಲಕ್ಷ್ಮಿ. ಜಯನಗರದ ಮೂರನೇ ಬ್ಲಾಕಿನಲ್ಲಿ ಸೈಟು ಸಿಕ್ಕಿ, ನಮ್ಮೆದುರಿಗೆ ಮನೆ ಕಟ್ಟಿಕೊಂಡು ಬಂದಾಗ ಅವರ ಪಾಲಿಗೆ ಅದೇ ದೇಶಾಂತರ. ಯಡಿಯೂರು ಕೆರೆಯ ಕಡೆ ನರಿ ಊಳಿಟ್ಟರೆ ಕಿಟಕಿ ಮುಚ್ಚಿಕೊಳ್ಳುತ್ತಿದ್ದರು. ಗಾಂಧಿಬಜಾರಿಗೆ ಹೂವು ತರಲೂ ಒಬ್ಬರೇ ಹೋದದ್ದನ್ನು ನಾನು ನೋಡಿಲ್ಲ. ಗಂಡ ಜಯಸಿಂಹರು ಲೋಕೋಪಯೋಗಿ ಇಲಾಖೆಯಲ್ಲಿ ಹೆಡ್ ಕ್ಲರ್ಕ್. ಜೊತೆಗೆ ಅವರ ವಿಧವೆ ಅಕ್ಕ ಸರಸ್ವತಮ್ಮ. ಮನೆಯ ಮಡಿ, ಹಬ್ಬ, ತಿಥಿ, ಎಲ್ಲ ಆಯಮ್ಮನ ಆಡಳಿತ. ನಾನು ಮದುವೆಯ ಗೊಡವೆಗೆ ಹೋಗದ ಸ್ಕೂಲ್ ಟೀಚರ್ ಆದ್ದರಿಂದ ಆಯಮ್ಮನ ಕಣ್ಣಿಗೆ ನಾನೇ ಒಂದು ಅಪಶಕುನ.

ಜಯಸಿಂಹರಿಗೆ ಸಮುದ್ರದ ಹುಚ್ಚು. ಒಂದೇ ಸಲ ಮದರಾಸಿನಲ್ಲಿ ನೋಡಿ ಹಿಡಿಸಿಕೊಂಡ ಹುಚ್ಚು ಅದು. ರಿಟೈರ್ ಆದ ವರ್ಷ ಬೊಂಬಾಯಿಯ ಹಡಗು ಕಂಪನಿಯೊಂದು ಊರೂರಿನಲ್ಲಿ ಏಜೆಂಟರನ್ನು ಹುಡುಕುತ್ತಿತ್ತು. ಅದುವರೆಗೆ ಕೂಲಿಯವರನ್ನೂ ಮೂಟೆಗಳನ್ನೂ ಸಾಗಿಸುತ್ತಿದ್ದ ಒಂದು ಹಳೆಯ ಹಡಗಿಗೆ ಬಿಳೀ ಬಣ್ಣ ಬಳಿದು, ಚಳಿಗಾಲದಲ್ಲಿ ಬೊಂಬಾಯಿ, ಗೋವಾ, ಕೊಚ್ಚಿ ಸುತ್ತಿಸಿ ಕರೆತರುವ ವಿಹಾರಕ್ಕೆ ಬಿಟ್ಟಿದ್ದರು. "ತೇಲುವ ಅರಮನೆ" ಎಂದು ಜಾಹೀರಾತು. ಹತ್ತು ಜೋಡಿಯನ್ನು ಹಿಡಿದುಕೊಟ್ಟ ಏಜೆಂಟರಿಗೆ ಒಂದು ಜೋಡಿ ಟಿಕೆಟ್ ಬಿಟ್ಟಿ. ಜಯಸಿಂಹರು ಜಗಲಿಯ ಗೋಡೆಗೆ ಹಡಗಿನ ಚಿತ್ರ ಅಂಟಿಸಿ ಅಂಗಡಿ ತೆರೆದೇಬಿಟ್ಟರು.

ಮೊದಮೊದಲು ಒಬ್ಬರೂ ಬಲೆಗೆ ಬೀಳಲಿಲ್ಲ. ಮೂಲೆ ಮನೆಯ ಗುರುಶಾಂತಪ್ಪನವರು ಕೇಳಿದ್ದು ನನಗಿನ್ನೂ ನೆನಪಿದೆ.

"ಎಲ್ಲಿಗ್ ಹೋಗ್ತದೆ ಸ್ವಾಮಿ ಈ ಹಡಗು?"

"ಬೊಂಬಾಯಿಂದ ಹೊರಟು ಬೊಂಬಾಯಿಗೇ ಬರ್ತದೆ."

"ಮತ್ತೆ ಹೊರಡೋದ್ಯಾಕೆ?"

ಎಲ್ಲಿಗೂ ಹೋಗದಿರುವುದಕ್ಕೆ ಟಿಕೆಟ್ ಕೊಳ್ಳಬೇಕೆಂದರೆ ಜಯನಗರ ಬೆಚ್ಚಿಬಿತ್ತು. ಜಯಸಿಂಹರು ಸುಮ್ಮನಾಗುವ ಆಸಾಮಿಯಲ್ಲ. ಗೋವಾದಲ್ಲಿ ಮಂಗೇಶಿ, ಕೊಚ್ಚಿಯ ಮಟ್ಟಾಂಚೇರಿಯಲ್ಲಿ ವೆಂಕಟರಮಣ ಎಂದು ವರಸೆ ಬದಲಾಯಿಸಿದರು. ವಿಹಾರ ಎಂದರೆ ಮೂಗು ಮುರಿದವರು ಯಾತ್ರೆ ಎಂದ ಕೂಡಲೇ ಗಂಟು ಕಟ್ಟತೊಡಗಿದರು. ಸರಸ್ವತಮ್ಮ ಮಾತ್ರ ಸಮುದ್ರ ದಾಟಿದರೆ ಜಾತಿ ಕೆಡುತ್ತದೆ ಎಂದು ರಂಪ ಮಾಡಿದರು. "ದಾಟೋದಲ್ಲಕ್ಕಾ, ದಡದ ಪಕ್ಕದಲ್ಲೇ ಹೋಗೋದು" ಎಂದು ಜಯಸಿಂಹರು ಸಮಾಧಾನ ಹೇಳಿದರೂ ಒಪ್ಪದೆ ಆಯಮ್ಮ ಮನೆಯಲ್ಲೇ ಉಳಿದರು. ಸೀತಮ್ಮ ನನ್ನ ಕೈ ಹಿಡಿದು, "ನೀನು ಬಂದ್ರೆ ನಂಗೆ ಧೈರ್ಯ ಕಣೇ" ಎಂದರು. ರಜ ಬರೆದುಕೊಟ್ಟು ನಾನೂ ಹೊರಟೆ. ಗೋವಾ ನಮ್ಮದಾಗಿ ಎರಡು ವರ್ಷ ಕಳೆದಿತ್ತು.

ಹಡಗು ಹತ್ತಿದ ಮೇಲೆ ನಮ್ಮವರ ಬಾಯಿ ಮುಚ್ಚಲೇ ಇಲ್ಲ. ತಿಂಡಿಯ ಮೇಲೆ ಊಟ, ಊಟದ ಮೇಲೆ ಮತ್ತೆ ತಿಂಡಿ. ಉಪ್ಪು ನೀರಿನ ನಡುವೆ ಹೋಗುತ್ತಾ ಹಡಗಿನೊಳಗೆ ಇನ್ನೊಂದು ನೀರಿನ ತೊಟ್ಟಿ ಕಟ್ಟಿ, ಅದರಲ್ಲಿ ಗಂಡಸರೂ ಹೆಂಗಸರೂ ಒಟ್ಟಿಗೆ ಈಜುವುದು! ಸಂಜೆಗೆ ಬ್ಯಾಂಡು, ಕುಣಿತ. ನಮ್ಮ ಕಡೆಯ ಹೆಂಗಸರು ಸೆರಗಿನಿಂದ ಮುಖ ಮುಚ್ಚಿಕೊಂಡು ಸಂದಿಯಲ್ಲಿ ಪೂರ್ತಿ ನೋಡಿದರು, ನಾನೂ ನೋಡಿದೆ. ಸೀತಮ್ಮನಿಗೆ ಅದ್ಯಾವುದೂ ಬೇಕಿರಲಿಲ್ಲ. ಅವರಿಗಾದ ಆಘಾತವೇ ಬೇರೆ. ಹಡಗಿನ ಕೋಣೆಯಲ್ಲಿ ಬೆಂಕಿ ಹಚ್ಚಕೂಡದು ಎಂದು ಕಟ್ಟಪ್ಪಣೆ. ಮದುವೆಯಾದ ಮೇಲೆ ಮೊದಲ ಬಾರಿಗೆ ಅವರ ಮುಸ್ಸಂಜೆ ದೀಪವಿಲ್ಲದೆ ಕಳೆಯಿತು. "ಏನೋ ಕೆಟ್ಟದಾಗತ್ತೆ ಉಮಾ" ಎಂದು ತಲೆಸುತ್ತು ಬಂದು ಮಲಗಿಬಿಟ್ಟರು.

ಕೊಚ್ಚಿಯಲ್ಲಿ ಹಡಗು ಬಂದರಿನ ನಡುನೀರಿನಲ್ಲಿ ನಿಂತಿತು. ದಡಕ್ಕೆ ಕಂಪನಿಯ ಮೋಟಾರು ದೋಣಿ. ಇಳಿಯುವವರಿಗೆ ಕೋಣೆಯ ನಂಬರು ಕೆತ್ತಿದ ಹಿತ್ತಾಳೆ ಬಿಲ್ಲೆ ಕೊಡುತ್ತಿದ್ದರು. ಮರಳಿದ ಮೇಲೆ ಅದನ್ನು ಹಲಗೆಯ ಮೊಳೆಗೆ ನೇತುಹಾಕಬೇಕು. ಖಾಲಿ ಮೊಳೆ ಕಂಡರೆ ಆ ಪ್ರಯಾಣಿಕ ಇನ್ನೂ ದಡದಲ್ಲಿದ್ದಾನೆ ಎಂದು ಅರ್ಥ. ಗೋವಾದಲ್ಲಿ ನಮ್ಮವರಲ್ಲಿ ಅರ್ಧ ಜನ ಬಿಲ್ಲೆಯನ್ನು ಮೊಳೆಗೆ ಹಾಕದೆ ಪ್ರಸಾದದಂತೆ ಸೊಂಟಕ್ಕೆ ಸಿಕ್ಕಿಸಿಕೊಂಡು ಹಾಯಾಗಿ ಮಲಗಿದ್ದರು. ಹಾಗಾಗಿ ಕೊಚ್ಚಿಯಲ್ಲಿ ಮೊಳೆಗಿಂತ ಬಾಯಿಮಾತನ್ನೇ ನಂಬುವುದೆಂದು ಹಡಗಿನವರು ತೀರ್ಮಾನಿಸಿದ್ದರು.

ಸೀತಮ್ಮ ಏಳಲಾರದೆ ಹಡಗಿನಲ್ಲೇ ಉಳಿದರು. ನಾನು, ಜಯಸಿಂಹರು, ಉಳಿದವರು ದೇವಸ್ಥಾನಕ್ಕೆ ಹೋದೆವು. "ನೀವೆಲ್ಲ ನಡೀರಿ, ಅವಳಿಗೆ ಪ್ರಸಾದ ತಗೊಂಡು ಮುಂದಿನ ದೋಣೀಲಿ ಬರ್ತೀನಿ" ಎಂದು ಜಯಸಿಂಹರು ಹಿಂದೆ ಉಳಿದರು. ದೋಣಿ ಇನ್ನೂ ಎರಡು ಸಲ ಬರುವುದಿತ್ತು. ನಾನು ಹಡಗಿಗೆ ಮರಳಿ ಬಂದು ಮೇಲಿನ ಅಟ್ಟಣೆಯಲ್ಲಿ ಗಾಳಿಗೆ ನಿಂತೆ.

ಕತ್ತಲಾಗುವ ಮುಂಚೆ ಹಡಗಿನ ಅಧಿಕಾರಿಯೊಬ್ಬರು ಸೀತಮ್ಮನ ಕೋಣೆಯ ಬಾಗಿಲು ತಟ್ಟಿದರು. ಮಂಗಳೂರಿನ ಕಡೆಯವರು, ಕನ್ನಡ ಚೆನ್ನಾಗಿ ಬಲ್ಲವರು. "ನಿಮ್ಮ ಯಜಮಾನರ ಬಿಲ್ಲೆ ಕಾಣುವುದಿಲ್ಲ ಅಮ್ಮ. ಅವರು ಹಡಗಿನಲ್ಲಿ ಇದ್ದಾರಲ್ಲವಾ?"

ದೀಪ ಹಚ್ಚುವ ಹೊತ್ತು. ಹಚ್ಚಲು ದೀಪವಿಲ್ಲ. ಗಂಡ ಹಡಗಿನಲ್ಲಿ ಇಲ್ಲವೆಂದು ಸೀತಮ್ಮನಿಗೆ ಗೊತ್ತು, ಪ್ರಶ್ನೆಯೂ ಚೆನ್ನಾಗಿ ಅರ್ಥವಾಗಿತ್ತು. ಆದರೂ ಆ ಹೊತ್ತಿನಲ್ಲಿ ಆ ಪದವನ್ನು ಹೇಗೆ ಆಡುತ್ತಾರೆ?

"ಇದ್ದಾರೆ," ಎಂದರು. "ಈಗ ಬರ್ತಾರೆ."

ಅಧಿಕಾರಿ ಕೈಮುಗಿದು ಹೊರಟುಹೋದರು.

ಹಡಗು ಕೂಗಿತು. ಲಂಗರು ಎತ್ತುವ ಸದ್ದಿಗೆ ನಾನು ಕೆಳಗೆ ಬಂದರೆ ಸೀತಮ್ಮ ಕೋಣೆಯ ಹೊರಗೆ ಗೋಡೆ ಹಿಡಿದು ನಿಂತಿದ್ದರು. "ಇವರು ಆಮೇಲೆ ಬಂದು ನಿನ್ನ ಜೊತೆ ಇದ್ದಾರೆ ತಾನೇ?" ಎಂದರು. ನಾನು ಅವರನ್ನು ನೋಡಿರಲಿಲ್ಲ. ಇಬ್ಬರೂ ಊಟದ ಕೋಣೆ, ಅಟ್ಟಣೆ, ಬ್ಯಾಂಡಿನ ಜಾಗ ಎಲ್ಲ ಓಡಾಡಿದೆವು. ಬಾಗಿಲ ಬಳಿಯ ಹಲಗೆಯಲ್ಲಿ ಒಂದು ಮೊಳೆ ಖಾಲಿ ಇತ್ತು. ದಡದ ದೀಪಗಳು ಆಗಲೇ ಹಿಂದೆ ಸರಿಯುತ್ತಿದ್ದವು.

ಸೀತಮ್ಮ ಆಮೇಲೆ ಮಾಡಿದ್ದನ್ನು ನೆನೆದರೆ ಈಗಲೂ ನನಗೆ ನಂಬಿಕೆ ಬರುವುದಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಅಷ್ಟು ಜನ ಕುಣಿಯುತ್ತಿದ್ದ ಅಟ್ಟಣೆಯ ನಡುವೆ ಹಾದು, ಆ ಅಧಿಕಾರಿಯ ಮುಂದೆ ನಿಂತರು.

"ಇಲ್ಲ! ನನ್ನ ಗಂಡ ಇಲ್ಲ! ಈ ಹಡಗಲ್ಲಿ ಇಲ್ಲ! ಇಲ್ಲ ಅಂದ್ರೆ ಇಲ್ಲ!"

ಬ್ಯಾಂಡು ನಿಂತಿತು. ಜಯನಗರದ ಹೆಂಗಸರು ಕಿವಿ ಮುಚ್ಚಿಕೊಂಡರು. ಅಧಿಕಾರಿ ಹಣೆ ಚಚ್ಚಿಕೊಂಡು, ನಮಗಿಬ್ಬರಿಗೆ ಮಾತ್ರ ಕೇಳುವಂತೆ, "ಬಾಗಿಲಲ್ಲಿ ಕೇಳಿದಾಗ ಇದ್ದಾರೆ, ಈಗ ಬರ್ತಾರೆ ಎಂದಿರಲ್ಲ ಅಮ್ಮ. ನನ್ನ ತಾಯಿಯೂ ಹಾಗೆಯೇ ಹೇಳುವುದು. ನನಗೆ ಹೊಳೆಯಬೇಕಿತ್ತು" ಎಂದರು. ಹಡಗು ತಿರುಗಿಸುವಂತಿರಲಿಲ್ಲ. ಬಂದರಿನಿಂದ ಹೊರಗೆ ದಾರಿ ತೋರಿಸುವ ಪೈಲಟ್ ಇನ್ನು ಸ್ವಲ್ಪ ಹೊತ್ತಿಗೆ ತನ್ನ ದೋಣಿಗಿಳಿದು ವಾಪಸಾಗುವುದಿತ್ತು. ಅವನ ಕೈಲಿ ಸುದ್ದಿ ಕಳಿಸೋಣ, ನೀವು ಬೊಂಬಾಯಿಗೆ ಬನ್ನಿ ಎಂದರು ಹಡಗಿನವರು.

"ನಾನು ಇಳೀತೀನಿ" ಎಂದರು ಸೀತಮ್ಮ.

ಹಗ್ಗದ ಏಣಿ. ಕೆಳಗೆ ಕಪ್ಪು ನೀರು, ಕುಣಿಯುವ ದೋಣಿ. ಗಾಂಧಿಬಜಾರಿಗೆ ಒಬ್ಬರೇ ಹೋಗದ ಹೆಂಗಸು ಒಂಬತ್ತು ಗಜದ ಸೀರೆಯನ್ನು ಕಚ್ಚೆ ಬಿಗಿದು ಆ ಏಣಿಯಲ್ಲಿ ಇಳಿದುಹೋದರು. ಹಿಂದೆಯೇ ನಾನು ಇಳಿದೆನೋ, ಯಾರಾದರೂ ನನ್ನನ್ನು ಇಳಿಸಿದರೋ, ದೇವರೇ ಬಲ್ಲ.

ದಡದ ಕಟ್ಟೆಯ ಮೇಲೆ ಕಂಪನಿಯ ದೋಣಿಯವನು ಸಿಕ್ಕಿದ. ಅವನಿಗೆ ತಮಿಳು ಬರುತ್ತಿತ್ತು, ಬೆಂಗಳೂರಿನವರಾದ ನಮಗೂ ಬರುತ್ತಿತ್ತು. ಅವನು ಅಂದದ್ದು ಇಷ್ಟು. ಒಬ್ಬರು ಬರಬೇಕೆಂದು ಅವರೆಲ್ಲ ಕಾಯುತ್ತಿದ್ದರು. ಹುಡುಕಲು ಇಬ್ಬರು ಹೊರಟೂ ಇದ್ದರು. ಅಷ್ಟರಲ್ಲಿ ಹಡಗಿನಿಂದ ಎಲ್ಲರೂ ಬಂದಾಯಿತೆಂದು ಸನ್ನೆ ಬಂತು, ದೋಣಿ ಕಟ್ಟಿ ಹೊರಟುಬಿಟ್ಟರು. ಕಟ್ಟೆಯ ಆ ತುದಿಯ ಬೆಂಚಿನಲ್ಲಿ ವಯಸ್ಸಾದವರೊಬ್ಬರು ಕೂತೇ ಇದ್ದರು, ನಿದ್ದೆ ಮಾಡುತ್ತಿದ್ದಾರೆ ಎಂದುಕೊಂಡರಂತೆ ಜನ. ಚಹಾದವನು ಅಂಗಡಿ ಮುಚ್ಚುವಾಗ ಅಲುಗಾಡಿಸಿದರೆ ತಲೆ ವಾಲಿತು. ಆಸ್ಪತ್ರೆಗೆ ಹೊತ್ತುಕೊಂಡು ಹೋದರು.

ಬೆಂಚು ಕೂಗಿದರೆ ಕೇಳುವಷ್ಟು ಹತ್ತಿರವಿತ್ತು. ಸೀತಮ್ಮ ಅದನ್ನು ಒಮ್ಮೆ ನೋಡಿದರು. ನನಗೆ ಅವರ ಮುಖ ನೋಡುವ ಧೈರ್ಯವಾಗಲಿಲ್ಲ.

ಆಸ್ಪತ್ರೆಯಲ್ಲಿ ಜಯಸಿಂಹರಿಗೆ ಇನ್ನೂ ಜೀವವಿತ್ತು. ವೈದ್ಯರು ನನ್ನನ್ನು ಪಕ್ಕಕ್ಕೆ ಕರೆದು ಇಂಗ್ಲಿಷಿನಲ್ಲಿ ಹೇಳಿದರು, ಎದೆನೋವು ಶುರುವಾದ ಕೂಡಲೇ ತಂದಿದ್ದರೆ ಏನಾದರೂ ಮಾಡಬಹುದಿತ್ತು, ಅರ್ಧ ಗಂಟೆ ಮುಂಚೆಯಾದರೂ ಸಾಕಿತ್ತು ಎಂದು. ಸೀತಮ್ಮನಿಗೆ ಇಂಗ್ಲಿಷ್ ಬಾರದು. ನಾನು ಕನ್ನಡದಲ್ಲಿ ಹೇಳಲು ಬಾಯಿ ತೆರೆದರೆ, "ಬೇಡ, ಗೊತ್ತಾಯ್ತು" ಎಂದರು.

ಗಂಡ ಕಣ್ಣು ಬಿಟ್ಟು, "ಹಡಗು ಹೋಯ್ತಾ?" ಎಂದರು.

"ಹೋಯ್ತು."

"ನೀನು?"

"ಇಳಿದು ಬಂದೆ."

"ಏಣಿ ಹಿಡ್ಕೊಂಡಾ?" ಎಂದು ಜಯಸಿಂಹರು ಸ್ವಲ್ಪ ನಕ್ಕ ಹಾಗಾಯಿತು. ಬೆಳಗಾಗುವಷ್ಟರಲ್ಲಿ ತೀರಿಕೊಂಡರು. ಬೆಂಗಳೂರಿನಿಂದ ದಾಯಾದಿಯೊಬ್ಬರು ಬಂದು ಅಲ್ಲೇ ಬೆಂಕಿ ಕೊಟ್ಟರು. ಹಡಗು ಮಾತ್ರ ತಪ್ಪದೆ, ಎಲ್ಲಿಂದ ಹೊರಟಿತ್ತೋ ಅಲ್ಲಿಗೇ ಹೋಗಿ ಮುಟ್ಟಿತು.

ಕಂಪನಿಯಿಂದ ಸಂತಾಪದ ತಂತಿ ಬಂತು. ಅದರ ಬೆನ್ನಿಗೇ ಮುಂದಿನ ಚಳಿಗಾಲದ ವಿಹಾರದ ಜಾಹೀರಾತುಗಳ ಕಟ್ಟೊಂದು ಏಜೆಂಟ್ ಜಯಸಿಂಹರ ಹೆಸರಿಗೆ ಬಂತು! ನಾನು ಅದನ್ನು ಬಚ್ಚಲ ಒಲೆಗೆ ಹಾಕಿದೆ.

ವೈಕುಂಠ ಸಮಾರಾಧನೆಯ ದಿನ ಮನೆ ತುಂಬ ಜನ. ಹಡಗಿನಲ್ಲಿ ಬಂದಿದ್ದವರೂ ಇದ್ದರು. ಅಟ್ಟಣೆಯ ಮೇಲೆ ಸೀತಮ್ಮ ಕೂಗಿದ್ದನ್ನು ಅವರು ಅಷ್ಟರಲ್ಲಿ ಜಯನಗರಕ್ಕೆಲ್ಲ ಹಂಚಿಯಾಗಿತ್ತು. ಅದಕ್ಕೆ ಮುಂಚೆ ಕೋಣೆಯ ಬಾಗಿಲಲ್ಲಿ ಆದ ಮಾತು ಆ ಅಧಿಕಾರಿಗೆ, ಸೀತಮ್ಮನಿಗೆ, ನನಗೆ ಬಿಟ್ಟು ಇನ್ನೊಂದು ಪ್ರಾಣಿಗೆ ಗೊತ್ತಿರಲಿಲ್ಲ. ನಾನು ಅದನ್ನು ಸಾಯುವವರೆಗೆ ಬಾಯಿ ಬಿಡುವುದಿಲ್ಲ ಎಂದು ನಿಶ್ಚಯಿಸಿದ್ದೆ.

ಎಲೆ ಎತ್ತಿದ ಮೇಲೆ ಸರಸ್ವತಮ್ಮ ನಡುಮನೆಯಲ್ಲಿ ಕೂತು ಶುರುಮಾಡಿದರು. "ಮುತ್ತೈದೆ ಆಡೋ ಮಾತೇನೇ ಅದು? ಗಂಡ ಇಲ್ಲ, ಗಂಡ ಇಲ್ಲ ಅಂತ ಹಾಡ್ಕೊಂಡು ಕೂಗಿದ್ಯಂತಲ್ಲ ಅಷ್ಟು ಜನರ ಮುಂದೆ! ಅಸ್ತು ದೇವತೆಗಳು ಕೇಳಿಸ್ಕೊಂಡ್ರು. ನಿನ್ನ ಬಾಯೇ ನನ್ನ ತಮ್ಮನ್ನ ತಿಂದುಬಿಡ್ತು."

ಕೂತಿದ್ದವರಲ್ಲಿ ಹಲವರು ಹೌದೆಂದು ತಲೆಯಾಡಿಸಿದರು. ನನ್ನ ಮೈ ಉರಿದುಹೋಯಿತು. ಆಯಮ್ಮನಿಗೆ ಮುಖದ ಮೇಲೆ ಹೇಳಿಬಿಡಬೇಕೆಂದು ಎದ್ದು ನಿಂತೆ. ಅಡುಗೆಮನೆಯ ಬಾಗಿಲಲ್ಲಿದ್ದ ಸೀತಮ್ಮ ನನ್ನ ಕಡೆ ಕೈ ಚಾಚಿ ತಡೆದರು. ಹಣೆ ಬರಿದಾಗಿತ್ತು, ದನಿ ನಡುಗಲಿಲ್ಲ.

"ಹೌದು ಅತ್ತಿಗೆ, ನನ್ನ ಬಾಯೇ ತಿಂದಿದ್ದು. ಆದ್ರೆ ಆ ಮಾತು ಆಡಿದ್ದಕ್ಕಲ್ಲ. ಹಡಗು ಹೊರಡೋ ಮುಂಚೆ ಅವ್ರು ಬಾಗಿಲಿಗೇ ಬಂದು, ಯಜಮಾನ್ರು ಇದ್ದಾರಾ ಅಂತ ಕೇಳಿದ್ರು. ನಾನು ಇದ್ದಾರೆ ಅಂದ್ಬಿಟ್ಟೆ. ಅದಕ್ಕೇ ಯಾರೂ ಹುಡುಕ್ಲಿಲ್ಲ."